ಕುಯ್ಯುವ ಮೊದಲು ಕೇಳಿ

ಹಿತ್ತಲಲ್ಲಿ ಕೋಳಿಯೊಂದು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತೆಂದರೆ ನಮ್ಮ ಹಳ್ಳಿಗಳ ಬಹುಪಾಲು ಮನೆಗಳಲ್ಲಿ ಚರ್ಚೆಯೇನೂ ನಡೆಯುವುದಿಲ್ಲ. ‘ಸಾಯೋಕೆ ಮುಂಚೆ ಕುಯ್ದುಬಿಡಿ’ ಎಂಬ ಮಾತು ಅಡುಗೆಮನೆಯಿಂದಲೋ ಜಗಲಿಯಿಂದಲೋ ಬರುತ್ತದೆ. ಸಂಜೆಗೆ ಸಾರು ಕುದಿಯುತ್ತದೆ. ಇದನ್ನು ಕಲ್ಲುಮನಸ್ಸು ಎನ್ನುವವರಿಗೆ ಹಳ್ಳಿಯ ಲೆಕ್ಕ ಗೊತ್ತಿಲ್ಲ. ಚೆನ್ನಾಗಿ ಬೆಳೆದ ನಾಟಿ ಹೇಂಟೆಗೆ ಸಂತೆಯಲ್ಲಿ ಐದಾರು ನೂರು ರೂಪಾಯಿ ಸಿಗುತ್ತದೆ. ಸತ್ತರೆ ಅದು ತಿಪ್ಪೆಯ ಪಾಲು. ಉಸಿರಿರುವಾಗ ಕುಯ್ದರೆ ಮನೆಮಂದಿಗೆ ಒಂದು ಹೊತ್ತಿನ ಊಟವಾದರೂ ದಕ್ಕುತ್ತದೆ. ಕೋಳಿಯ ದುಡ್ಡು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೈದುಡ್ಡು. ಮಕ್ಕಳ ನೋಟ್‌ಬುಕ್ಕು, ಸಂಘದ ವಾರದ ಕಂತು, ತವರಿಗೆ ಹೋಗುವ ಬಸ್ ಚಾರ್ಜು ಎಲ್ಲ ಅದರಲ್ಲೇ ಹುಟ್ಟಬೇಕು. ಅಷ್ಟು ಬಾಳುವ ಜೀವ ಕಣ್ಣೆದುರು ತೂಕಡಿಸುತ್ತಿದ್ದರೆ ಚಾಕು ಹುಡುಕುವುದು ಸಹಜ.

ಆದರೂ ಈ ಅಭ್ಯಾಸದ ಬಗ್ಗೆ ಈಗಲೇ ಎಚ್ಚರಿಸಬೇಕಾಗಿದೆ. ಚಳಿ ಬಿದ್ದಿದೆ, ವಲಸೆ ಹಕ್ಕಿಗಳು ಕೆರೆಗಳಿಗೆ ಇಳಿದಿವೆ. ಇಲ್ಲಿಂದ ಯುಗಾದಿಯವರೆಗಿನ ತಿಂಗಳುಗಳೇ ನಮ್ಮ ರಾಜ್ಯದ ಕೋಳಿಗಳಿಗೆ ಕಂಟಕದ ಕಾಲ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿತ್ತು. 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ ಕಾಣಿಸಿಕೊಂಡಿತು. 2020ರ ಮಾರ್ಚ್‌ನಲ್ಲಿ, ಇಡೀ ದೇಶ ಕೊರೊನಾ ಸುದ್ದಿಯಲ್ಲಿ ಮುಳುಗಿದ್ದಾಗ, ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಸದ್ದಿಲ್ಲದೆ ಕೋಳಿಗಳನ್ನು ಕೊಂದು ಹೂಳಲಾಯಿತು. 2025ರಲ್ಲಿ ಫೆಬ್ರುವರಿ ಮುಗಿದು ಮಾರ್ಚ್ ಹುಟ್ಟುವ ಹೊತ್ತಿಗೆ ಚಿಕ್ಕಬಳ್ಳಾಪುರದ ವರದಹಳ್ಳಿ ಮತ್ತು ಸಂಡೂರು ತಾಲ್ಲೂಕಿನ ಕುರೇಕುಪ್ಪ ಸುದ್ದಿಯಾದವು. ಕುರೇಕುಪ್ಪದ್ದು ಫಾರಂ. ವರದಹಳ್ಳಿಯಲ್ಲಿ ಸತ್ತದ್ದು ಮನೆಯವರು ಸಾಕಿದ್ದ ಕೋಳಿಗಳು.

ಯುಗಾದಿಯ ಮಾರನೆಯ ದಿನ ಹಳೇ ಮೈಸೂರಿನ ಮನೆಮನೆಯಲ್ಲೂ ವರ್ಷದ ತೊಡಕು. ಅದಕ್ಕೆ ಮೊದಲಿನ ನಾಲ್ಕು ಸಂತೆಗಳಲ್ಲಿ ನಾಟಿ ಕೋಳಿಗೆ ಬರುವ ಬೆಲೆ ವರ್ಷದ ಬೇರೆ ದಿನಗಳಲ್ಲಿ ಬಾರದು. ಊರಿಂದೂರಿಗೆ ಬೈಕಿನ ಹ್ಯಾಂಡಲ್‌ಗೆ ತಲೆಕೆಳಗಾಗಿ ತೂಗಿ ಕೋಳಿಗಳು ಸಾಗುವುದೂ ಆಗಲೇ. ಹಕ್ಕಿಜ್ವರ ಬರುವ ಕಾಲ, ಕೋಳಿ ಹೆಚ್ಚು ಓಡಾಡುವ ಕಾಲ, ಮಂಕಾದ ಕೋಳಿಯನ್ನು ಬೇಗ ಸಾಗಹಾಕುವ ಆತುರದ ಕಾಲ, ಮೂರೂ ಒಟ್ಟಿಗೇ ಬರುತ್ತವೆ. ಮುಂದಿನ ಸಲ ರೋಗ ಬಂದರೆ ಅದರ ಮೊದಲ ಸುದ್ದಿ ಹಿತ್ತಲಿನ ಕೋಳಿಯಿಂದಲೇ ಬರಬಹುದು, ಅದು ಊರಿಗೆ ಮುಟ್ಟುವ ಮೊದಲೇ ಸಾರಿನ ಪಾತ್ರೆಯಲ್ಲಿ ಮುಗಿದುಹೋಗಬಹುದು ಎಂಬುದು ನಮ್ಮ ಭಯ.

ಕಾಯಿಲೆ ಬಿದ್ದ ಕೋಳಿಯನ್ನು ಕೊಲ್ಲಬೇಕೇ, ಔಷಧ ಮಾಡಿಸಬೇಕೇ ಎಂಬ ವಾದ ಈಚೆಗೆ ನಗರದಲ್ಲೂ ಕೇಳುತ್ತಿದೆ. ತಾರಸಿಯ ಮೇಲೆ ನಾಲ್ಕು ಕೋಳಿ ಸಾಕಿಕೊಂಡು ಅವಕ್ಕೆ ಹೆಸರಿಟ್ಟವರು ಡಾಕ್ಟರನ್ನು ಹುಡುಕಿ ಅಲೆಯುತ್ತಾರೆ. ನಾಯಿ-ಬೆಕ್ಕಿನ ಕ್ಲಿನಿಕ್ಕುಗಳಲ್ಲಿ ಕೋಳಿ ನೋಡುವವರು ಕಡಿಮೆ. ಹಳ್ಳಿಯವರು ಇದನ್ನು ಕೇಳಿ ನಗುತ್ತಾರೆ, ನಗರದವರು ಹಳ್ಳಿಯವರನ್ನು ಕಂಡು ಮುಖ ಸಿಂಡರಿಸುತ್ತಾರೆ. ಇಬ್ಬರ ಪಕ್ಷವನ್ನೂ ನಾವು ವಹಿಸಲಾರೆವು. ಯಾವ ಕಾಯಿಲೆ ಎಂಬುದು ಗೊತ್ತಿಲ್ಲದೆ ಕೊಲ್ಲುವುದೂ ಕುರುಡು, ಗೊತ್ತಿಲ್ಲದೆ ಔಷಧ ಹಾಕುವುದೂ ಕುರುಡು.

ಕೋಳಿಗೆ ಬರುವ ಎಷ್ಟೋ ಕಾಯಿಲೆಗಳು ವಾಸಿಯಾಗುವಂಥವು. ಸಿಡುಬು ಬಂದು ಜುಟ್ಟಿನ ಮೇಲೆ ಕಪ್ಪು ಗಂಟುಗಳೆದ್ದರೆ ದೊಡ್ಡ ಕೋಳಿಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಅದನ್ನು ಹರಡುವುದು ಸೊಳ್ಳೆ. ಗಾಯಕ್ಕೆ ಆರೈಕೆ ಬೇಕು, ಕಣ್ಣು ಮುಚ್ಚಿಹೋದ ಕೋಳಿಗೆ ನೀರು ಕುಡಿಸುವ ತಾಳ್ಮೆ ಬೇಕು. ಮರಿಗಳು ರಕ್ತದ ಭೇದಿಯಿಂದ ಸಾಯುತ್ತಿದ್ದರೆ ಅದು ಹೆಚ್ಚಾಗಿ ಕಾಕ್ಸಿಡಿಯಾ ಎಂಬ ಪರಾವಲಂಬಿಯ ಕೆಲಸ. ನೆಲದ ತೇವ ಒಣಗಿಸಿ ಸರಿಯಾದ ಔಷಧವನ್ನು ನೀರಿಗೆ ಹಾಕಿದರೆ ಉಳಿದ ಮರಿಗಳನ್ನು ಉಳಿಸಿಕೊಳ್ಳಬಹುದು. ಜಂತುಹುಳು, ಹೇನು, ಅಂಗಾಲಿನ ಕೀವುಗಂಟು, ಮೊಟ್ಟೆ ಸಿಕ್ಕಿಕೊಂಡ ಹೇಂಟೆ, ಇವು ಯಾವುವೂ ಕತ್ತು ಕುಯ್ಯುವಂಥ ಕಾಯಿಲೆಗಳಲ್ಲ. ಇಂಥ ಕೋಳಿಯನ್ನು ಕೊಂದವರು ಒಂದು ಊಟಕ್ಕಾಗಿ ಮುಂದಿನ ವರ್ಷದ ಮೊಟ್ಟೆಯನ್ನೆಲ್ಲ ಕಳೆದುಕೊಂಡಂತೆ.

ಇನ್ನೊಂದು ಬದಿಯಲ್ಲಿ ಕೊಕ್ಕರೆ ರೋಗವಿದೆ. ಪುಸ್ತಕದವರು ರಾಣಿಖೇತ್ ಎನ್ನುತ್ತಾರೆ. ಕುಮಾವೂನ್ ಬೆಟ್ಟಗಳ ಆ ಊರಿನಲ್ಲಿ 1920ರ ದಶಕದ ಕೊನೆಯಲ್ಲಿ ಗುರುತಿಸಿದ್ದರಿಂದ ಆ ಹೆಸರು. ಹಸಿರು ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕಾಲು ಬಿದ್ದುಹೋಗುವುದು, ಕೊನೆಗೆ ಕತ್ತು ತಿರುಚಿಕೊಂಡು ಆಕಾಶ ನೋಡುತ್ತಾ ಗಿರಗಿರ ಸುತ್ತುವುದು. ಲಸಿಕೆ ಕಾಣದ ಹಿತ್ತಲಿಗೆ ಅದು ನುಗ್ಗಿದರೆ ವಾರದಲ್ಲಿ ಗೂಡು ಖಾಲಿ. ಅದಕ್ಕೆ ಔಷಧವಿಲ್ಲ. ಹಕ್ಕಿಜ್ವರಕ್ಕೂ ಇಲ್ಲ. ಹಠಾತ್ತನೆ ಸಾಯುವುದು, ಜುಟ್ಟು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಕಾಲಿನ ಮೇಲೆ ರಕ್ತದ ಮಚ್ಚೆ, ಇವು ಹಕ್ಕಿಜ್ವರದ ಲಕ್ಷಣಗಳೆಂದು ಕರಪತ್ರಗಳಲ್ಲಿ ಓದುತ್ತೇವೆ. ಆದರೆ ಎರಡೂ ಕಾಯಿಲೆಗಳು ಒಂದರ ವೇಷದಲ್ಲಿ ಇನ್ನೊಂದು ಬರಬಲ್ಲವು. ಅನುಭವಿ ಪಶುವೈದ್ಯರೂ ಬರೀ ಕಣ್ಣಿನಿಂದ ನೋಡಿ ಇದು ಅದೇ ಎಂದು ಆಣೆ ಮಾಡಲಾರರು. ಕೊನೆಯ ಮಾತು ಭೋಪಾಲ್‌ನ ಉನ್ನತ ಸುರಕ್ಷತೆಯ ಪ್ರಯೋಗಾಲಯದ್ದು. ಹೀಗಿರುವಾಗ ‘ನಮ್ಮೂರಲ್ಲಿ ಪ್ರತಿ ವರ್ಷ ಬರೋ ಕೊಕ್ಕರೆ ರೋಗ ಕಣಪ್ಪ, ಇನ್ನೇನಲ್ಲ’ ಎಂದು ಚಾಕು ಮಸೆಯುವುದರಲ್ಲಿ ಎಷ್ಟು ಅಪಾಯವಿದೆ ಎಂದು ಊಹಿಸಬಹುದು.

ಬೇಯಿಸಿದರೆ ಎಲ್ಲ ಸತ್ತುಹೋಗುತ್ತದಲ್ಲ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಹೌದು, ಮಾಂಸದ ಒಳಭಾಗವೂ 70 ಡಿಗ್ರಿ ಮುಟ್ಟುವಂತೆ ಬೇಯಿಸಿದರೆ ವೈರಸ್ ಉಳಿಯದು. ನಮ್ಮ ನಾಟಿ ಕೋಳಿ ಸಾರು ಕುದಿಯುವ ಹೊತ್ತು ಅದಕ್ಕೆ ಧಾರಾಳ ಸಾಕು. ಅಪಾಯವಿರುವುದು ಕುದಿಯುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ. ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕತ್ತು ಕುಯ್ದಾಗ ಕೋಳಿ ಒದ್ದಾಡುತ್ತದೆ, ರಕ್ತ ಮುಖಕ್ಕೂ ಸೀರೆಗೂ ಸಿಡಿಯುತ್ತದೆ. ಬಿಸಿನೀರಿಗೆ ಅದ್ದಿ ಪುಕ್ಕ ಕೀಳುವಾಗ ಹಬೆಯೆಲ್ಲ ಮೂಗಿನೊಳಕ್ಕೆ. ಉಳಿದ ತುಪ್ಪಳವನ್ನು ಒಲೆಯ ಉರಿಗೆ ಹಿಡಿದು ಸುಟ್ಟು, ಅರಿಸಿನ ಹಚ್ಚಿ, ಹೊಟ್ಟೆ ಸೀಳಿ ಕರುಳು ಎಳೆಯುವವರು ಬಹುಮಟ್ಟಿಗೆ ಹೆಂಗಸರು, ಬರಿಗೈಯಲ್ಲಿ. ಪಕ್ಕದಲ್ಲಿ ಮಗುವೊಂದು ಕೋಳಿಕಾಲಿನ ನರ ಎಳೆದು ಬೆರಳು ಮಡಿಸುವ ಆಟ ಆಡುತ್ತಿರುತ್ತದೆ. ಕರುಳು ನಾಯಿಗೆ, ಬೆಕ್ಕಿಗೆ. ತೊಳೆದ ನೀರು ಚರಂಡಿಗೆ, ಅಲ್ಲಿಂದ ಉಳಿದ ಕೋಳಿಗಳು ಕೆದಕುವ ಕೆಸರಿಗೆ.

2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯಲ್ಲಿ ಎರಡು ವರ್ಷದ ಮಗುವೊಂದು ಹಕ್ಕಿಜ್ವರದಿಂದ ತೀರಿಕೊಂಡಿತು. ಮಗು ಹಸಿ ಕೋಳಿಮಾಂಸದ ಚೂರು ತಿಂದಿತ್ತೆಂದು ಮನೆಯವರು ಹೇಳಿದ್ದು ವರದಿಯಾಗಿತ್ತು. ಕಾಂಬೋಡಿಯಾದಲ್ಲಿ 2023ರಿಂದೀಚೆಗೆ ಒಂದರ ಹಿಂದೊಂದು ಮನುಷ್ಯರಿಗೆ ಸೋಂಕು ತಗುಲಿದ ಪ್ರಕರಣಗಳಾಗಿವೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಮನೆಯಲ್ಲೇ ಕಾಯಿಲೆ ಬಿದ್ದ ಅಥವಾ ಸತ್ತ ಕೋಳಿಗಳನ್ನು ಮುಟ್ಟಿದವರು, ಹಸನು ಮಾಡಿ ಅಡುಗೆ ಮಾಡಿದವರು. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೇವಾಡಾ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಹುಲಿಗಳೂ ಚಿರತೆಯೂ ಇದೇ ವೈರಸ್‌ನಿಂದ ಸತ್ತವು. ಬೆಕ್ಕಿನ ಜಾತಿಗೆ ಈ ರೋಗ ಎಷ್ಟು ಕ್ರೂರ ಎಂಬುದಕ್ಕೆ ಅಷ್ಟು ಸಾಕು. ಕರುಳನ್ನು ಮನೆಯ ಬೆಕ್ಕಿಗೆ ಎಸೆಯುವ ಮುನ್ನ ಇದನ್ನು ನೆನೆಯಬೇಕು. ಹಕ್ಕಿಜ್ವರ ಮನುಷ್ಯರಿಗೆ ತಗುಲುವುದು ಅಪರೂಪ, ಆದರೆ ತಗುಲಿದರೆ ಬದುಕುವುದು ಕಷ್ಟ. ಗಾಬರಿ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಕೋಳಿ, ಮೊಟ್ಟೆ ತಿನ್ನುವುದನ್ನು ಬಿಡಿ ಎನ್ನುವ ವಾಟ್ಸ್‌ಆ್ಯಪ್ ಪಂಡಿತರ ಸಾಲಿಗೆ ನಮ್ಮನ್ನು ಯಾರೂ ಸೇರಿಸಬಾರದು.

ಹಾಗಾದರೆ ಕೊಲ್ಲದೆ ಬಿಡುವುದು ದಯೆಯೇ? ಅದೂ ಅಷ್ಟು ಸರಳವಲ್ಲ. ‘ಸಾಕಿದ ಕೈಯಲ್ಲಿ ಕೊಲ್ಲೋಕಾಗಲ್ಲ’ ಎಂದು ಕತ್ತು ತಿರುಚಿಕೊಂಡ ಕೋಳಿಯನ್ನು ಮಂಕರಿಯಡಿ ಮುಚ್ಚಿಟ್ಟು ಎರಡು ಮೂರು ದಿನ ನರಳಲು ಬಿಡುವವರಿದ್ದಾರೆ. ನೀರು ಕುಡಿಯಲಾರದೆ, ನಿಲ್ಲಲಾರದೆ, ಪ್ರತಿ ಉಸಿರಿಗೂ ವೈರಸ್ ಕಾರುತ್ತಾ ಅದು ಸಾಯುತ್ತದೆ. ಜೊತೆಗೆ ಗೂಡಿನ ಉಳಿದವಕ್ಕೂ ದಾರಿ ತೋರಿಸಿ ಹೋಗುತ್ತದೆ. ಆಸೆಯೇ ಇಲ್ಲದ ನರಳಾಟವನ್ನು ಮುಗಿಸುವುದು ಸಾಕಿದವರ ಹೊಣೆ. ಕತ್ತಿನ ಮೂಳೆಯ ಕೊಂಡಿಯನ್ನು ಕೈಯಿಂದ ಕಳಚುವ ವಿಧಾನ ಸಣ್ಣ ಹಕ್ಕಿಗಳಿಗೆ ಜಾಗತಿಕ ಪಶು ಆರೋಗ್ಯ ಸಂಸ್ಥೆಯೂ ಒಪ್ಪಿರುವಂಥದು. ಕೈ ಪಳಗಿದವರು ಮಾಡಿದರೆ ಕ್ಷಣದಲ್ಲಿ ಮುಗಿಯುತ್ತದೆ, ರಕ್ತವೂ ಚೆಲ್ಲುವುದಿಲ್ಲ. ಪಳಗದವರು ಮಾಡಿದರೆ ಅದೇ ಚಿತ್ರಹಿಂಸೆ. ಗೋಣಿಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯುವುದು, ಜೀವವಿರುವಾಗಲೇ ತಿಪ್ಪೆಗೆ ಹಾಕುವುದು, ಇವಕ್ಕೆ ಯಾವ ಸಮರ್ಥನೆಯೂ ಇಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೋಳಿಯನ್ನು ಹೊರಗಿಟ್ಟಿಲ್ಲ.

ಔಷಧದ ಹೆಸರಿನಲ್ಲಿ ನಡೆಯುತ್ತಿರುವುದನ್ನೂ ಹೇಳಬೇಕು. ಬೆಳ್ಳುಳ್ಳಿ, ಮೆಣಸು, ಅರಿಸಿನ ಅರೆದು ಕೊಕ್ಕು ಬಿಡಿಸಿ ಕುಡಿಸುವುದು ಅಜ್ಜಿಯರ ಕಾಲದಿಂದ ಬಂದದ್ದು. ಅದರಿಂದ ಆಗುವ ಉಪಕಾರ ಎಷ್ಟೋ ಏನೋ, ಅಪಕಾರವಂತೂ ಕಡಿಮೆ. ಚಿಂತೆಯಾಗುವುದು ಮನುಷ್ಯರ ಮೆಡಿಕಲ್ ಶಾಪಿನಿಂದ ‘ಅಣ್ಣಾ, ಕೋಳಿಗೆ ಒಂದೆರಡು ಕ್ಯಾಪ್ಸೂಲ್ ಕೊಡಿ’ ಎಂದು ತಂದು, ಬಿಚ್ಚಿ, ರಾಗಿ ಹಿಟ್ಟಿಗೆ ಕಲಸಿ ಉಣಿಸುವ ಆ್ಯಂಟಿಬಯೋಟಿಕ್ ಬಗ್ಗೆ. ವೈರಸ್ ಕಾಯಿಲೆಗೆ ಅದು ನಾಟುವುದೇ ಇಲ್ಲ. ಬ್ಯಾಕ್ಟೀರಿಯಾ ಕಾಯಿಲೆಯೇ ಆದರೂ ಪ್ರಮಾಣ ಗೊತ್ತಿಲ್ಲದೆ ಎರಡು ದಿನ ಕೊಟ್ಟು ನಿಲ್ಲಿಸಿದರೆ ರೋಗಾಣು ಗಟ್ಟಿಯಾಗುತ್ತದೆ. ಮದ್ದು ತಿಂದ ಹೇಂಟೆ ಮರುದಿನ ಇಟ್ಟ ಮೊಟ್ಟೆ ಮಗುವಿನ ತಟ್ಟೆಗೆ ಬರುತ್ತದೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಫಾರಂಗಳಲ್ಲಿ ಮೇವಿನಂತೆ ಬಳಸಿ, ಕಡೆಗೆ 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಫಾರಂನವರ ತಪ್ಪನ್ನು ಹಿತ್ತಲಿನವರು ಸಣ್ಣ ಪ್ರಮಾಣದಲ್ಲಿ ಮುಂದುವರಿಸುವುದು ಚಿಕಿತ್ಸೆ ಎನಿಸದು.

ಕೊಲ್ಲುವುದಕ್ಕೂ ಉಳಿಸುವುದಕ್ಕೂ ನಡುವೆ ಪಶುವೈದ್ಯರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮೂರನೆಯ ದಾರಿಯೊಂದಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹತ್ತು ಕೋಳಿಗಳಲ್ಲಿ ಮೂರು ಮಂಕಾಗಿದ್ದರೆ, ಅವುಗಳಲ್ಲಿ ಉಳಿಯಲಾರದ ಒಂದನ್ನು ಹಿಂಸೆಯಿಲ್ಲದಂತೆ ಕೊಂದು ಹೊಟ್ಟೆ ಸೀಳಿ ನೋಡುತ್ತಾರೆ. ಕಾಳು ಅರೆಯುವ ಹೊಟ್ಟೆಗೆ ಮುಂಚೆ ಬರುವ ಸಣ್ಣ ಹೊಟ್ಟೆಯ ಒಳಪದರದಲ್ಲಿ ಸೂಜಿಮೊನೆಯಂಥ ರಕ್ತದ ಚುಕ್ಕೆಗಳಿದ್ದರೆ ಕೊಕ್ಕರೆ ರೋಗದ ಗುಮಾನಿ. ಕರುಳಿನ ಕೊನೆಯ ಎರಡು ಕವಲುಗಳಲ್ಲಿ ರಕ್ತ ತುಂಬಿದ್ದರೆ ಕಾಕ್ಸಿಡಿಯಾ. ಕರುಳಲ್ಲಿ ದಾರದಂತೆ ಹೆಣೆದುಕೊಂಡ ಹುಳು ಕಂಡರೆ ಬಾಕಿ ಒಂಬತ್ತಕ್ಕೆ ಮದ್ದು ಸುಲಭ. ಒಂದರ ಸಾವು ಒಂಬತ್ತರ ಚಿಕಿತ್ಸೆಗೆ ದಾರಿಯಾಗುತ್ತದೆ. ಅದೇ ಕೋಳಿಯನ್ನು ಅಡುಗೆಮನೆಯಲ್ಲಿ ಸೀಳಿದಾಗಲೂ ಈ ಚುಕ್ಕೆಗಳು, ಈ ಹುಳುಗಳು ಕಣ್ಣಿಗೆ ಬೀಳುತ್ತವೆ. ಓದುವವರು ಯಾರೂ ಇರುವುದಿಲ್ಲ, ಅಷ್ಟೇ. ಆದರೆ ಒಂದು ಎಚ್ಚರಿಕೆ: ಒಂದೇ ದಿನ ಹಲವು ಕೋಳಿ ದಿಢೀರನೆ ಸತ್ತಿದ್ದರೆ ಮನೆಯವರಿರಲಿ, ಡಾಕ್ಟರೂ ಅಲ್ಲೇ ಹೊಟ್ಟೆ ಸೀಳುವಂತಿಲ್ಲ. ಹಕ್ಕಿಜ್ವರದ ಶಂಕೆಯಿದ್ದರೆ ಮಾದರಿ ಭದ್ರವಾಗಿ ಲ್ಯಾಬಿಗೆ ಹೋಗಬೇಕು.

ಇಷ್ಟು ಹೇಳಿ ಹೊಣೆಯನ್ನೆಲ್ಲ ಕೋಳಿ ಸಾಕುವ ಹೆಂಗಸಿನ ತಲೆಗೆ ಕಟ್ಟಿದರೆ ಅದು ಅನ್ಯಾಯವಾದೀತು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪ್ರಕಾರ, ಪಟ್ಟಿಯಲ್ಲಿರುವ ರೋಗದ ಗುಮಾನಿ ಬಂದರೆ ಸಾಕಿದವರು ಗ್ರಾಮದ ಅಧಿಕಾರಿಗೋ ಪಂಚಾಯ್ತಿಗೋ ತಿಳಿಸಲೇಬೇಕು. ಹೀಗೊಂದು ಕಾನೂನಿದೆ ಎಂದು ಎಷ್ಟು ಪಂಚಾಯ್ತಿಗಳ ಗೋಡೆಯ ಮೇಲೆ ಬರೆದಿದ್ದಾರೆ? ಹೆಚ್ಚಿನ ಹಿತ್ತಲುಗಳ ಮಟ್ಟಿಗೆ ಸರ್ಕಾರ ಬಾಗಿಲಿಗೆ ಬರುವುದು ಒಂದೇ ಸಲ, ಬಿಳಿ ಉಡುಪು ತೊಟ್ಟು, ಕೊಲ್ಲಲು. ಬದುಕಿಸುವ ಕೆಲಸಕ್ಕೆ ಬಾರದವರು ಕೊಲ್ಲುವ ದಿನ ಸಹಕಾರ ಕೇಳಿದರೆ ಜನ ಕೋಳಿಯನ್ನು ಅಟ್ಟದ ಮೇಲೆ ಬಚ್ಚಿಡದೆ ಇನ್ನೇನು ಮಾಡುತ್ತಾರೆ?

ಬದುಕಿಸುವ ಕೆಲಸವೇನೂ ದುಬಾರಿಯದಲ್ಲ. ಮರಿ ಐದಾರು ದಿನದ್ದಿರುವಾಗ ಕೊಕ್ಕರೆ ರೋಗದ ಲಸಿಕೆಯ ಒಂದು ತೊಟ್ಟು ಕಣ್ಣಿಗೆ ಬಿಡಬೇಕು. ಅದು ರೆಪ್ಪೆ ಮಿಟುಕಿಸುವವರೆಗೆ ಅಂಗೈಯಲ್ಲಿ ಹಿಡಿದಿರಬೇಕು. ಎಂಟು ವಾರದ ಸುಮಾರಿಗೆ ರೆಕ್ಕೆಯ ಬುಡದ ಚರ್ಮದಡಿ ಒಂದು ಚುಚ್ಚುಮದ್ದು. ಬೆಂಗಳೂರಿನ ಹೆಬ್ಬಾಳದಲ್ಲೇ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಿದೆ. ಕೋಳಿ ಲಸಿಕೆ ಅಲ್ಲಿ ದಶಕಗಳಿಂದ ತಯಾರಾಗುತ್ತಿದೆ. ಹಿತ್ತಲಿಗೆ ಅದು ತಲುಪದಿರುವುದಕ್ಕೆ ಕಾರಣ ತೀರಾ ಸಣ್ಣದು. ಲಸಿಕೆಯ ಸೀಸೆ ನೂರಾರು ಕೋಳಿಗಾಗುವಷ್ಟರದ್ದು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಐಸ್ ಮೇಲಿರಬೇಕು. ಎಂಟು ಕೋಳಿಯಿರುವ ಮನೆಗಾಗಿ ಯಾರು ಸೀಸೆ ಒಡೆದಾರು? ಇನ್ನು ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಕೋಳಿಗಳು ಗೂಡು ಬಿಟ್ಟು ಬೇಲಿ ದಾಟಿರುತ್ತವೆ. ಬೆಳಗಿನ ಜಾವ, ಗೂಡಿನ ಬಾಗಿಲು ತೆಗೆಯುವ ಮುಂಚೆಯೇ ಲಸಿಕೆ ಹಾಕಬೇಕು, ಇಡೀ ಕೇರಿಗೆ ಒಂದೇ ದಿನ. ಸರ್ಕಾರಿ ವೇಳಾಪಟ್ಟಿಗೆ ಒಗ್ಗದ ಈ ಕೆಲಸಕ್ಕೆ ಪಶು ಆರೈಕೆಯ ತರಬೇತಿ ಪಡೆದು ಊರಿನಲ್ಲೇ ಇರುವ ಪಶುಸಖಿಯರಿಗಿಂತ ತಕ್ಕವರಿಲ್ಲ. ಅವರಿಗೊಂದು ಐಸ್ ಡಬ್ಬಿ, ತೊಟ್ಟಿನ ಸೀಸೆ, ತಲೆಗಿಷ್ಟು ಎಂದು ಗೌರವಧನ ಕೊಟ್ಟರೆ ಸಾಕು. ಬಿಸಿಲು ತಡೆಯುವ ಲಸಿಕೆಯೂ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಐ-2 ಲಸಿಕೆಯನ್ನು ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಹಿತ್ತಲ ಕೋಳಿಗಳಿಗೆಂದೇ ಬಳಸಿದರು. ಅಲ್ಲಿ ಲಸಿಕೆ ಹಾಕಿದವರು ಊರಿನ ಜನರೇ.

2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ಲಸಿಕೆ ಹಸುವಿನ ಕೊಟ್ಟಿಗೆಯವರೆಗೂ ಬರುತ್ತದೆ. ಕೋಳಿಗೆ ಅಂಥದೊಂದು ಅಭಿಯಾನವಿಲ್ಲ. ಅದೇ ವರ್ಷದ ಜಾನುವಾರು ಗಣತಿಯಲ್ಲಿ ದೇಶದ 85 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಿನವು ಎಂದು ಸರ್ಕಾರವೇ ಎಣಿಸಿತು. ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು ಏರಿಕೆ. ಗಿರಿರಾಜ, ಸ್ವರ್ಣಧಾರದಂಥ ತಳಿಗಳ ಮರಿಗಳನ್ನು ಹೆಂಗಸರಿಗೆ ಹಂಚಿ ಸಾಕಿ ಎಂದು ಪ್ರೋತ್ಸಾಹಿಸಿದ್ದೂ ಸರ್ಕಾರವೇ. ಮರಿ ಹಂಚುವ ಸಮಾರಂಭಕ್ಕೆ ಶಾಮಿಯಾನ ಹಾಕುವವರು ಎಂಟನೆಯ ವಾರದ ಚುಚ್ಚುಮದ್ದಿಗೂ ಬಂದು ಹೋಗಲಿ.

ಈಗ ಸಾಮೂಹಿಕ ವಧೆಯ ಮಾತು. ಹಕ್ಕಿಜ್ವರ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ಕಣ್ಗಾವಲಿನಲ್ಲಿಡುತ್ತಾರೆ. ರೋಗವಿಲ್ಲದ ಕೋಳಿಯೂ, ಕಾವು ಕೂತ ಹೇಂಟೆಯೂ, ಅದರಡಿಯ ಮೊಟ್ಟೆಯೂ ಸುಣ್ಣ ಚೆಲ್ಲಿದ ಗುಂಡಿಗೆ. ಈ ಕ್ರಮ ಕ್ರೂರ ಎನ್ನುವವರ ನೋವು ನಮಗೆ ಅರ್ಥವಾಗುತ್ತದೆ, ಆದರೂ ಇಂದಿನ ಸ್ಥಿತಿಯಲ್ಲಿ ಇದನ್ನು ವಿರೋಧಿಸಲಾರೆವು. ಹಕ್ಕಿಜ್ವರ ತಗುಲಿದ ಊರಲ್ಲಿ ಒಂದೊಂದೇ ಕೋಳಿಗೆ ಚಿಕಿತ್ಸೆ ಎಂಬ ಮಾತೇ ಇಲ್ಲ. ಫ್ರಾನ್ಸ್ 2023ರ ಅಕ್ಟೋಬರ್‌ನಿಂದ ಬಾತುಕೋಳಿಗಳಿಗೆ ಹಕ್ಕಿಜ್ವರದ ಲಸಿಕೆ ಹಾಕತೊಡಗಿದೆ, ಚೀನಾ, ಈಜಿಪ್ಟ್‌ಗಳಲ್ಲಿ ಅದು ಹಳೆಯ ಮಾತು. ಭಾರತದ ನೀತಿ ಇನ್ನೂ ಕೊಂದು ತಡೆಯುವುದೇ. ಮುಂದೊಮ್ಮೆ ಬದಲಾಗಬಹುದು. ಬದಲಾಗುವವರೆಗೆ, ಕೊಲ್ಲುವ ಕೆಲಸವನ್ನು ಪಳಗಿದ ಕೈಗಳು ಮಾಡಬೇಕು. ಅವಸರದಲ್ಲಿ ಅರೆಜೀವದ ಕೋಳಿ ಗುಂಡಿಗೆ ಬೀಳದಂತೆ ನೋಡಿಕೊಳ್ಳುವವರೊಬ್ಬರು ಅಲ್ಲಿ ನಿಂತಿರಬೇಕು.

ನಮ್ಮ ಆಕ್ಷೇಪವಿರುವುದು ಪರಿಹಾರದ ನಿಯಮದ ಮೇಲೆ. ಸರ್ಕಾರ ದುಡ್ಡು ಕೊಡುವುದು ತಾನು ಕೊಂದ ಕೋಳಿಗೆ ಮಾತ್ರ. ಅದಕ್ಕೆ ಮುನ್ನ ರೋಗದಿಂದ ಸತ್ತದ್ದಕ್ಕೆ ಬಿಡಿಗಾಸಿಲ್ಲ. ಬೇಗ ತಿಳಿಸಲಿ ಎಂಬ ಉದ್ದೇಶ ಇದರ ಹಿಂದಿದೆ. ಹತ್ತು ಸಾವಿರ ಕೋಳಿಯ ಫಾರಂಗೆ ಈ ತರ್ಕ ಹೊಂದುತ್ತದೆ, ಅಲ್ಲಿ ಐನೂರು ಸತ್ತ ದಿನವೂ ಉಳಿದದ್ದು ಸಾವಿರಾರು. ಎಂಟು ಕೋಳಿಯ ಹಿತ್ತಲಲ್ಲಿ ಏನಾಗುತ್ತದೆ ನೋಡಿ. ಸೋಮವಾರ ಎರಡು ಸತ್ತವು. ಸಾಕಿದಾಕೆ ಪ್ರಾಮಾಣಿಕವಾಗಿ ಆಸ್ಪತ್ರೆಗೆ ಹೇಳುತ್ತಾಳೆ. ಮಾದರಿ ತೆಗೆದು, ಬೆಂಗಳೂರು ಸೇರಿ, ಭೋಪಾಲ್‌ಗೆ ಹೋಗಿ, ಫಲಿತಾಂಶ ಬಂದು, ಆದೇಶ ಹೊರಟು, ತಂಡ ಊರಿಗೆ ಕಾಲಿಡುವಷ್ಟರಲ್ಲಿ ಅವಳ ಗೂಡಿನಲ್ಲಿ ಒಂದೂ ಉಳಿದಿರುವುದಿಲ್ಲ. ಸುದ್ದಿ ಕೊಟ್ಟವಳಿಗೆ ಸೊನ್ನೆ. ಅವಳ ಸುದ್ದಿಯಿಂದಾಗಿ ಆರೋಗ್ಯವಾಗಿದ್ದ ಕೋಳಿ ಕಳೆದುಕೊಂಡ ನೆರೆಮನೆಗೆ ಪರಿಹಾರ, ಅದರ ಜೊತೆಗೆ ಅವಳ ಮೇಲೆ ಹಗೆ. ಇದನ್ನೆಲ್ಲ ಒಮ್ಮೆ ಕಂಡ ಊರು ಮುಂದಿನ ಸಲ ಬಾಯಿಬಿಡುತ್ತದೆಯೇ? 2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಿಂದ ಹೊರಟ ಹಕ್ಕಿಜ್ವರ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂತು. ಅಲ್ಲಿ ಹೆಚ್ಚಿನವು ಹಿತ್ತಲ ಕೋಳಿಗಳೇ. ಜನ ಬಚ್ಚಿಟ್ಟರು, ರಾತ್ರೋರಾತ್ರಿ ಮಾರಿದರು, ತಂಡಗಳನ್ನು ತಡೆದರು. ಬಡವರ ಕೋಳಿಯನ್ನು ಕಿತ್ತುಕೊಂಡು ಹೋದವರ ಮಾತನ್ನು ಬಡವರು ನಂಬಲಿಲ್ಲ.

ತಿದ್ದುಪಡಿ ಕಷ್ಟದ್ದಲ್ಲ. ಸುದ್ದಿ ಕೊಟ್ಟ ದಿನ ಗೂಡಿನಲ್ಲಿ ಜೀವಂತವಿದ್ದ ಕೋಳಿಗಳ ಸಂಖ್ಯೆಯೇ ಪರಿಹಾರದ ಲೆಕ್ಕವಾಗಲಿ. ಪಶುವೈದ್ಯರೋ ಪಂಚಾಯ್ತಿ ಸಿಬ್ಬಂದಿಯೋ ಅಂದೇ ಬಂದು ಎಣಿಸಿ, ಫೋಟೊ ತೆಗೆದು ಸಹಿ ಹಾಕಲಿ. ಆಮೇಲೆ ಅದು ರೋಗದಿಂದ ಸತ್ತರೂ ತಂಡದ ಕೈಯಲ್ಲಿ ಸತ್ತರೂ ದುಡ್ಡು ಒಂದೇ ಇರಲಿ. ದರವೂ ನಾಟಿ ಕೋಳಿಯ ಸಂತೆ ಬೆಲೆಗೆ ಹತ್ತಿರವಿರಲಿ, ಬ್ರಾಯ್ಲರ್ ಲೆಕ್ಕದಲ್ಲಿ ತೂಗುವುದು ಬೇಡ. ಇದಕ್ಕೆ ಬೇಕಾಗುವ ಹಣ ಒಂದು ಸಾಮೂಹಿಕ ವಧೆಯ ಖರ್ಚಿನ ಮುಂದೆ ಏನೇನೂ ಅಲ್ಲ. ಕೇಂದ್ರದ ಪಾಲಿಗೆ ಕಾಯುತ್ತ ಕೂರದೆ ರಾಜ್ಯವೇ ಈ ಯುಗಾದಿಗೆ ಮುನ್ನ ಆದೇಶ ಹೊರಡಿಸಬಹುದು.

ಅಲ್ಲಿಯವರೆಗೆ ಸಾಕುವವರಿಗೆ ನಮ್ಮ ಮಾತು ಇಷ್ಟೇ. ಒಂದು ಕೋಳಿ ಮಂಕಾದರೆ ಬೇರೆ ಮಾಡಿ, ನೀರು ಕೊಡಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ. ಸರ್ಕಾರಿ ಪಶುವೈದ್ಯರು ಹಸುವಿಗಷ್ಟೇ ಇರುವವರಲ್ಲ, ಕೇಳುವ ಹಕ್ಕು ನಿಮಗಿದೆ. ಒಂದೆರಡು ದಿನದೊಳಗೆ ಎರಡು ಮೂರು ಸತ್ತರೆ ಕುಯ್ಯಬೇಡಿ, ಮಾರಬೇಡಿ, ನೆಂಟರ ಮನೆಗೆ ಕಳಿಸಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಪಿಡಿಒಗೆ ಹೇಳಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ಪ್ಲಾಸ್ಟಿಕ್ ಚೀಲವನ್ನೇ ಕೈಗೆ ತೊಟ್ಟು ಎತ್ತಿ, ನಾಯಿ-ಬೆಕ್ಕಿಗೆ ಸಿಗದಂತೆ ಮುಚ್ಚಿಡಿ. ಕೋಳಿ ಮುಟ್ಟಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಆ ವಿಷಯ ಬಾಯಿಬಿಟ್ಟು ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.

ಇಲಾಖೆಗೆ ಇನ್ನೊಂದು ಮಾತು. ಮಾದರಿ ಒಯ್ದವರು ಮತ್ತೆ ಆ ಮನೆಯತ್ತ ತಿರುಗಿ ನೋಡದಿದ್ದರೆ, ಏನಾಯಿತು ಎಂದು ಗೊತ್ತಾಗದ ಮನೆಯವರು ಮುಂದಿನ ಸಲ ಮಾದರಿ ಕೊಡುವುದಿಲ್ಲ. ಲ್ಯಾಬಿನ ಫಲಿತಾಂಶ ಏನೇ ಇರಲಿ, ಕೊಕ್ಕರೆ ರೋಗವೋ ಹಕ್ಕಿಜ್ವರವೋ ಬರೀ ಹುಳುವೋ, ಅದನ್ನು ಮೊದಲು ಆ ಮನೆಗೆ ಕನ್ನಡದಲ್ಲಿ ತಿಳಿಸಬೇಕು. ಮಾದರಿ ತೆಗೆದವರ ಹೆಸರು, ಫೋನ್ ನಂಬರ್, ಯಾವ ದಿನದೊಳಗೆ ಉತ್ತರ ಬರುತ್ತದೆ ಎಂಬುದನ್ನು ಬರೆದ ಚೀಟಿಯೊಂದನ್ನು ಅಲ್ಲಿಂದ ಹೊರಡುವ ಮುನ್ನವೇ ಮನೆಯವರ ಕೈಗೆ ಕೊಡಬೇಕು.